ಕಾಲರ್ ಮೈಕಿನ ಆಯ್ಕೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ನಾಲಗೆಯ ಮೇಲೆ ಹಿಡಿತವಿರಲಿ ಎಂದು ಎಚ್ಚರಿಸುವುದಕ್ಕಾಗಿ ಹಿರಿಯರು ಈ ಗಾದೆಯನ್ನು ಬಳಸುತ್ತಾರೆ. ಆದರೆ ಇದರಲ್ಲಿ ಮತ್ತೊಂದು ಸತ್ಯವೂ ಅಡಗಿದೆ. ಬರೆದ ಮಾತು ಓಲೆಯ ಮೇಲೋ ಕಾಗದದ ಮೇಲೋ ಉಳಿಯುತ್ತದೆ. ಆಡಿದ ಮಾತು ಆಡಿದ ಕ್ಷಣದಲ್ಲಿಯೇ ಗಾಳಿಯಲ್ಲಿ ಲೀನವಾಗುತ್ತದೆ. 1877ರಲ್ಲಿ ಥಾಮಸ್ ಆಲ್ವ ಎಡಿಸನ್ ಫೋನೋಗ್ರಾಫ್ ಯಂತ್ರವನ್ನು ನಿರ್ಮಿಸುವವರೆಗೆ ಮನುಷ್ಯನ ದನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಉಪಾಯವೇ ಲೋಕದಲ್ಲಿ ಇರಲಿಲ್ಲ. ಇಂದಾದರೋ ಆ ಉಪಾಯ ಮನೆಮನೆಯ ಮೊಬೈಲ್ ಫೋನಿನಲ್ಲಿಯೇ ಇದೆ. ಗುಂಡಿಯನ್ನು ಒತ್ತಿದರೆ ಚಿತ್ರವೂ ದನಿಯೂ ಒಟ್ಟಿಗೆ ದಾಖಲಾಗುತ್ತವೆ. ಇಷ್ಟು ಸುಲಭವಾದ ಕೆಲಸಕ್ಕೆ ಬೇರೊಂದು ಉಪಕರಣವೇಕೆ, ಅದನ್ನು ಆರಿಸುವುದಕ್ಕೆ ಇಷ್ಟೊಂದು ವಿಚಾರವೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದಕ್ಕೆ ಉತ್ತರ ಹೇಳುವ ಮೊದಲು, ನಾವು ಹಿಡಿದಿಡಬೇಕಾದ ಮಾತು ಯಾವುದು ಎಂಬುದನ್ನು ನೋಡೋಣ.

ದಕ್ಷಿಣ ಬೆಂಗಳೂರಿನ ಬಡಾವಣೆಗಳನ್ನೇ ತೆಗೆದುಕೊಳ್ಳಬಹುದು. ಜಯನಗರ ಬಡಾವಣೆಗೆ ಆರಂಭವಾದದ್ದು 1948ರಲ್ಲಿ. ಅನಂತರ ಜಯಪ್ರಕಾಶ ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳು ಒಂದರ ಬಳಿಕ ಒಂದು ಬೆಳೆದುವು. ಇವು ಬರಿಯ ಬಯಲಿನಲ್ಲಿ ಎದ್ದು ನಿಂತವುಗಳಲ್ಲ. ಸಾರಕ್ಕಿ, ಯಡಿಯೂರು, ಮಾರೇನಹಳ್ಳಿ, ಕತ್ರಿಗುಪ್ಪೆ, ಜರಗನಹಳ್ಳಿ ಮೊದಲಾದ ಊರುಗಳು ಅಲ್ಲಿ ಮೊದಲಿನಿಂದಲೂ ಇದ್ದುವು. ಬಿ.ಟಿ.ಎಂ. ಎಂಬ ಮೂರು ಅಕ್ಷರಗಳಲ್ಲಿಯೇ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರುಗಳು ಅಡಗಿವೆ. ಕೆರೆಯ ನೀರಿನಿಂದ ಬೇಸಾಯ ನಡೆಯುತ್ತಿದ್ದ ಕಾಲವನ್ನು ಕಣ್ಣಾರೆ ಕಂಡ ಹಿರಿಯರು ಈ ಊರುಗಳಲ್ಲಿ ಇನ್ನೂ ಇದ್ದಾರೆ. ತೂಬು, ಕೋಡಿ, ಗದ್ದೆಯ ಬಯಲು, ಊರಹಬ್ಬ, ಸೋಬಾನೆಯ ಹಾಡು, ಇವೆಲ್ಲ ಅವರ ಮಾತಿನಲ್ಲಿ ಜೀವಂತವಾಗಿವೆ. ಆ ಮಾತಿನ ಅರ್ಥವನ್ನು ನಾವು ಬರೆದುಕೊಳ್ಳಬಹುದು. ಆದರೆ ಅದರ ಏರಿಳಿತವನ್ನು, ನಡುವೆ ಬರುವ ನಗೆಯನ್ನು, ಒಂದು ಹೆಸರನ್ನು ನೆನೆದಾಗ ತಡೆಯುವ ಉಸಿರನ್ನು ಬರೆಹದಲ್ಲಿ ತರಲಾಗದು. ಅದಕ್ಕೆ ಧ್ವನಿಮುದ್ರಣವೇ ಬೇಕು.

ಇಂತಹ ಧ್ವನಿಮುದ್ರಣದಿಂದ ಎಷ್ಟು ದೊಡ್ಡ ಕಾರ್ಯ ನಡೆಯಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಗಳಿವೆ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನ ಗೋಪಾಲ ನಾಯ್ಕರು ತುಳು ಭಾಷೆಯ ಸಿರಿ ಕಾವ್ಯವನ್ನು ಬಾಯಿಯಲ್ಲಿಯೇ ಉಳಿಸಿಕೊಂಡು ಬಂದವರು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಅವರು ನಮ್ಮವರೇ ಆದ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರೊಡನೆ ಸೇರಿ, ಹಲವು ದಿನ ಅವರ ಎದುರಿಗೆ ಕುಳಿತು ಆ ಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. ಅದು 15,683 ಸಾಲುಗಳ ಮಹಾಕಾವ್ಯವಾಗಿ 1998ರಲ್ಲಿ ಪ್ರಕಟವಾಯಿತು. ಅಕ್ಷರದ ಹಂಗಿಲ್ಲದೆ ಬಾಳಿದ ಕಾವ್ಯವೊಂದು ಹೀಗೆ ಲೋಕದ ವಿದ್ವಾಂಸರ ಗಮನಕ್ಕೆ ಬಂದಿತು. ಹಾಗೆಯೇ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಮುಂದೆ ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಜನಪದ ಕಲಾವಿದರ ಹಾಡು, ಕುಣಿತಗಳ ಧ್ವನಿಮುದ್ರಣ ಮತ್ತು ಚಿತ್ರೀಕರಣ ಆ ಸಂಸ್ಥೆಯ ಮುಖ್ಯ ಕಾರ್ಯಗಳಲ್ಲಿ ಒಂದು. ಇವರೆಲ್ಲರೂ ಒಂದು ಮಾತನ್ನು ಚೆನ್ನಾಗಿ ಅರಿತಿದ್ದರು: ಹಾಡುವವರು ಹೋದ ಮೇಲೆ ಎಷ್ಟು ಒಳ್ಳೆಯ ಯಂತ್ರವನ್ನು ತಂದರೂ ಪ್ರಯೋಜನವಿಲ್ಲ, ಅವರು ಹಾಡುವಾಗ ಯಂತ್ರ ಕೈಕೊಟ್ಟರೆ ಆ ನಷ್ಟವನ್ನು ತುಂಬಲಾಗದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬನಶಂಕರಿಯ ಒಂದು ಮನೆಯ ನಡುಮನೆಯಲ್ಲಿ ಅಜ್ಜಿಯೊಬ್ಬರು ಕಥೆ ಹೇಳುತ್ತಿದ್ದಾರೆಂದು ಭಾವಿಸೋಣ. ಎರಡು ಮೀಟರ್ ದೂರದಲ್ಲಿ ಮೇಜಿನ ಮೇಲೆ ಫೋನನ್ನು ನಿಲ್ಲಿಸಿ ಮೊಮ್ಮಗ ಅದನ್ನು ಚಿತ್ರೀಕರಿಸುತ್ತಿದ್ದಾನೆ. ಅವನ ಕಿವಿಗೆ ಕಥೆ ಸ್ಪಷ್ಟವಾಗಿಯೇ ಕೇಳುತ್ತಿದೆ. ಆದರೆ ಆಮೇಲೆ ಮುದ್ರಿಕೆಯನ್ನು ಕೇಳಿದಾಗ ಅಜ್ಜಿಯ ದನಿ ಬಾವಿಯೊಳಗಿನಿಂದ ಬಂದಂತೆ ತೋರುತ್ತದೆ. ಫ್ಯಾನಿನ ಸದ್ದು, ಅಡಿಗೆಮನೆಯ ಕುಕ್ಕರಿನ ಕೂಗು, ಬೀದಿಯಲ್ಲಿ ಸೊಪ್ಪು ಮಾರುವವರ ಧ್ವನಿವರ್ಧಕ, ಆಟೋರಿಕ್ಷಾದ ಹಾರನ್ನು, ಇವೆಲ್ಲ ಅಜ್ಜಿಯ ಮಾತಿನಷ್ಟೇ ಜೋರಾಗಿ ಕೇಳುತ್ತವೆ. ಇದು ಫೋನಿನ ದೋಷವಲ್ಲ. ನಾವು ಕೇಳುವುದು ಕಿವಿಯಿಂದ ಮಾತ್ರವಲ್ಲ, ಮನಸ್ಸಿನಿಂದಲೂ ಕೇಳುತ್ತೇವೆ. ಬೇಕಾದ ದನಿಯನ್ನು ಮನಸ್ಸು ಆರಿಸಿಕೊಂಡು ಬೇಡವಾದುದನ್ನು ಹಿಂದಕ್ಕೆ ಸರಿಸುತ್ತದೆ. ಜಯಪ್ರಕಾಶ ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರದಲ್ಲಿ ಅನೇಕ ನಾಟಕಗಳ ನಟರು ಮೈಕಿನ ನೆರವಿಲ್ಲದೆಯೇ ನುಡಿಯುತ್ತಾರೆ. ಹಿಂದಿನ ಸಾಲಿನ ಪ್ರೇಕ್ಷಕರೂ ಅದನ್ನು ಕೇಳಿ ಆನಂದಿಸುತ್ತಾರೆ. ಅಲ್ಲಿ ರಂಗದ ರಚನೆ, ನಟರ ಅಭ್ಯಾಸ, ಪ್ರೇಕ್ಷಕರ ಮೌನ ಮತ್ತು ಗಮನ ಎಲ್ಲವೂ ಒಂದುಗೂಡಿವೆ. ಯಂತ್ರಕ್ಕೆ ಗಮನವೆಂಬುದಿಲ್ಲ. ತನ್ನನ್ನು ಮುಟ್ಟಿದ ಎಲ್ಲ ಸದ್ದುಗಳನ್ನೂ ಅದು ಭೇದವೆಣಿಸದೆ ಸ್ವೀಕರಿಸುತ್ತದೆ. ಹೀಗಾಗಿ ಆರಿಸುವ ಕೆಲಸವನ್ನು ಯಂತ್ರದ ಬದಲು ನಾವೇ ಮಾಡಬೇಕಾಗುತ್ತದೆ.

ಆ ಆಯ್ಕೆಯ ಮೊದಲ ಸಾಧನ ದೂರ. ಧ್ವನಿಯು ಬಾಯಿಂದ ಹೊರಟು ಸುತ್ತಲೂ ಹರಡುತ್ತಾ ಹೋದಂತೆ ಅದರ ತೀವ್ರತೆ ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುತ್ತದೆ. ದೂರ ಎರಡರಷ್ಟಾದರೆ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಇದು ಸುಮಾರು 6 ಡೆಸಿಬೆಲ್ ಇಳಿತ. ದೂರ ಹತ್ತರಷ್ಟಾದರೆ ತೀವ್ರತೆ ನೂರನೆಯ ಒಂದು ಭಾಗವಾಗುತ್ತದೆ. ಬಾಯಿಂದ 20 ಸೆಂಟಿಮೀಟರ್ ದೂರದಲ್ಲಿರುವ ಮೈಕಿಗೆ ದೊರೆಯುವ ನೇರ ದನಿಯ ನೂರನೆಯ ಒಂದು ಭಾಗ ಮಾತ್ರ 2 ಮೀಟರ್ ದೂರದ ಫೋನಿಗೆ ದೊರೆಯುತ್ತದೆ ಎಂದಾಯಿತು. ಫ್ಯಾನಿನ ಸದ್ದಾಗಲಿ, ಗೋಡೆಗೆ ಬಡಿದು ಮರಳುವ ಪ್ರತಿಧ್ವನಿಯಾಗಲಿ ಕೋಣೆಯ ಎಲ್ಲ ಕಡೆಯೂ ಹೆಚ್ಚು ಕಡಮೆ ಒಂದೇ ಸಮನಾಗಿರುತ್ತದೆ. ಆದುದರಿಂದ ಮೈಕನ್ನು ಬಾಯಿಯ ಸಮೀಪಕ್ಕೆ ತಂದರೆ ದನಿ ಮಾತ್ರ ಹೆಚ್ಚುತ್ತದೆ, ಸದ್ದು ಇದ್ದಷ್ಟೇ ಇರುತ್ತದೆ. ದುಬಾರಿಯಾದ ಮೈಕನ್ನು ದೂರದಲ್ಲಿಡುವುದಕ್ಕಿಂತ ಸಾಧಾರಣವಾದ ಮೈಕನ್ನು ಒಂದು ಗೇಣಿನ ಅಂತರದಲ್ಲಿಡುವುದು ಮೇಲು. ಈ ವಿಷಯದಲ್ಲಿ ಮುಂದೆ ಹೇಳುವ ಎಲ್ಲ ಮಾತುಗಳಿಗೂ ಇದೇ ಆಧಾರ.

ಬಾಯಿಗೆ ಸಮೀಪವಾಗಿಯೂ ಇರಬೇಕು, ಕೈಗಳಿಗೆ ಬಿಡುವೂ ಇರಬೇಕು, ಚಿತ್ರಕ್ಕೆ ಅಡ್ಡಿಯೂ ಆಗಬಾರದು. ಈ ಮೂರು ಅಗತ್ಯಗಳಿಂದ ಹುಟ್ಟಿದ್ದೇ ಉಡುಪಿಗೆ ಸಿಕ್ಕಿಸುವ ಕಿರಿದಾದ ಮೈಕು. ನಮ್ಮಲ್ಲಿ ಇದನ್ನು ಕಾಲರ್ ಮೈಕ್ ಎಂದು ಕರೆಯುವುದು ರೂಢಿ. ಪಾಶ್ಚಾತ್ಯರು ಇದಕ್ಕೆ ಲ್ಯಾವಲಿಯರ್ ಎನ್ನುತ್ತಾರೆ. ಕೊರಳಿನಿಂದ ಎದೆಯ ಮೇಲೆ ಇಳಿಬೀಳುವ ಒಂದು ಬಗೆಯ ಪದಕಕ್ಕೆ ಆ ಹೆಸರಿದೆ. ಮೊದಮೊದಲು ಇಂತಹ ಮೈಕುಗಳನ್ನು ದಾರಕ್ಕೆ ಕಟ್ಟಿ ಕೊರಳಿನಲ್ಲಿ ತೂಗುಹಾಕುತ್ತಿದ್ದುದರಿಂದ ಆ ಪದಕದ ಹೆಸರೇ ಮೈಕಿಗೂ ಬಂದಿತು. ತಂತಿಯಿಲ್ಲದೆ ಮಾತನ್ನು ಕಳುಹಿಸುವ ಪ್ರಯತ್ನವೂ ಹಳೆಯದೇ. ಅಮೆರಿಕದ ಶೂರ್ ಸಂಸ್ಥೆ 1953ರಲ್ಲಿಯೇ ಕಲಾವಿದರಿಗಾಗಿ ನಿಸ್ತಂತು ಮೈಕೊಂದನ್ನು ಮಾರುಕಟ್ಟೆಗೆ ತಂದಿತು. ಆದರೆ ಮೈಕು ಕಾಳಿನಷ್ಟು ಚಿಕ್ಕದಾಗಲು ನೆರವಾದದ್ದು 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ಎಂಬ ವಿಜ್ಞಾನಿಗಳು ರೂಪಿಸಿದ ಎಲೆಕ್ಟ್ರೆಟ್ ಮೈಕು. ವಿದ್ಯುದಂಶವನ್ನು ದೀರ್ಘಕಾಲ ತನ್ನಲ್ಲಿಯೇ ಉಳಿಸಿಕೊಳ್ಳುವ ತೆಳುವಾದ ಪೊರೆಯೊಂದು ಅದರಲ್ಲಿರುತ್ತದೆ. ಪೊರೆಯ ಹಿಂದೆ ಲೋಹದ ಒಂದು ಫಲಕ. ಮಾತಿನ ಅಲೆ ತಗುಲಿದಾಗ ಪೊರೆ ಅಲುಗುತ್ತದೆ, ಅದಕ್ಕೂ ಫಲಕಕ್ಕೂ ನಡುವಿನ ಅಂತರ ಹೆಚ್ಚುಕಡಮೆಯಾಗುತ್ತದೆ. ಆ ವ್ಯತ್ಯಾಸವೇ ವಿದ್ಯುತ್ತಿನ ಸಂಕೇತವಾಗಿ ಹೊರಬರುತ್ತದೆ.

ನಿಸ್ತಂತು ಕಾಲರ್ ಮೈಕಿನಲ್ಲಿ ಎರಡು ಭಾಗಗಳಿರುತ್ತವೆ. ಮಾತನಾಡುವವರ ಉಡುಪಿನ ಮೇಲಿರುವುದು ಪ್ರೇಷಕ. ಇದು ದನಿಯನ್ನು ರೇಡಿಯೋ ತರಂಗವಾಗಿ ಮಾರ್ಪಡಿಸಿ ಕಳುಹಿಸುತ್ತದೆ. ಫೋನಿಗೋ ಕ್ಯಾಮೆರಾಕ್ಕೋ ಜೋಡಿಸಿರುವುದು ಗ್ರಾಹಕ. ಇದು ಆ ತರಂಗವನ್ನು ಮರಳಿ ದನಿಯ ಸಂಕೇತವಾಗಿಸುತ್ತದೆ. ಕೊಳ್ಳುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ತಂತಿಯಿಲ್ಲದ ಮೈಕು ನಮಗೆ ನಿಜವಾಗಿಯೂ ಬೇಕೆ ಎಂಬುದು. ಅಜ್ಜಿ ಒಂದೆಡೆ ಕುಳಿತು ಕಥೆ ಹೇಳುವುದಾದರೆ ತಂತಿಯುಳ್ಳ ಕಾಲರ್ ಮೈಕೇ ಸಾಕು. ಅದರ ಬೆಲೆ ಕಡಮೆ. ತರಂಗಗಳ ತಡೆಯೆಂಬ ತೊಂದರೆ ಅದಕ್ಕಿಲ್ಲ. ಆದರೆ ಸಾರಕ್ಕಿಯ ಹಿರಿಯರೊಬ್ಬರು ಕೆರೆಯ ಏರಿಯ ಮೇಲೆ ನಡೆಯುತ್ತಾ ಹಳೆಯ ತೂಬಿದ್ದ ಜಾಗವನ್ನು ಕೈತೋರಿಸಿ ವಿವರಿಸುವುದಾದರೆ, ಕಲಾವಿದರು ಕುಣಿಯುತ್ತಾ ಹಾಡುವುದಾದರೆ, ಶಿಕ್ಷಕರು ಪ್ರಯೋಗಶಾಲೆಯಲ್ಲಿ ಓಡಾಡುತ್ತಾ ಪಾಠ ಹೇಳುವುದಾದರೆ ಆಗ ತಂತಿ ಕಾಲಿಗೆ ತೊಡಕಾಗುತ್ತದೆ. ಅಂತಹ ಸಂದರ್ಭಗಳಲ್ಲಿ ನಿಸ್ತಂತು ಮೈಕು ಅಗತ್ಯ. ಕೆಲಸ ಯಾವುದೆಂದು ನಿರ್ಧರಿಸದೆ ಉಪಕರಣವನ್ನು ಆರಿಸುವುದು ಕಾಲಿನ ಅಳತೆ ನೋಡದೆ ಚಪ್ಪಲಿ ಕೊಂಡಂತೆ.

ನಿಸ್ತಂತು ಮೈಕೇ ಬೇಕೆಂದು ನಿಶ್ಚಯವಾದ ಮೇಲೆ ಅದು ಯಾವ ತರಂಗವನ್ನು ಬಳಸುತ್ತದೆ ಎಂದು ತಿಳಿಯಬೇಕು. ಇಂದು ಅಂಗಡಿಗಳಲ್ಲಿ ದೊರೆಯುವ ಸಣ್ಣ ಮೈಕುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವಲಯದಲ್ಲಿ ಕೆಲಸ ಮಾಡುತ್ತವೆ. ಕಡಮೆ ಶಕ್ತಿಯ ಉಪಕರಣಗಳನ್ನು ಈ ವಲಯದಲ್ಲಿ ಪರವಾನಗಿಯಿಲ್ಲದೆ ಬಳಸಲು ಭಾರತ ಸರಕಾರ 2005ರ ನಿಯಮಗಳ ಮೂಲಕ ಅವಕಾಶ ನೀಡಿದೆ. ಆದರೆ ಈ ವಲಯ ಸಂತೆಯ ಬೀದಿಯಂತೆ. ವೈಫೈ, ಬ್ಲೂಟೂತ್ ಉಪಕರಣಗಳೂ ಮೈಕ್ರೋವೇವ್ ಒಲೆಯೂ ಇದೇ ವಲಯದಲ್ಲಿ ಗದ್ದಲವೆಬ್ಬಿಸುತ್ತವೆ. ಬಿ.ಟಿ.ಎಂ. ಬಡಾವಣೆಯಂತಹ ಕಡೆ ಒತ್ತೊತ್ತಾಗಿರುವ ಕಟ್ಟಡಗಳ ಮಹಡಿ ಮಹಡಿಯಲ್ಲಿಯೂ ವೈಫೈ ಇರುವುದರಿಂದ ಮಾತು ನಡುನಡುವೆ ತುಂಡಾಗುವ ಸಂಭವವುಂಟು. ಮೇಲಾಗಿ ಈ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್ ಮಾತ್ರ. ನೀರಿನ ಅಂಶವೇ ಹೆಚ್ಚಾಗಿರುವ ನಮ್ಮ ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳುತ್ತದೆ. ಮಾತನಾಡುವವರು ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿದಾಗ ದನಿ ಕಡಿಯುವುದು ಇದರಿಂದಲೇ. ಪೆಟ್ಟಿಗೆಯ ಮೇಲೆ ಬರೆದಿರುವ ನೂರು, ಇನ್ನೂರು ಮೀಟರುಗಳ ವ್ಯಾಪ್ತಿ ತಡೆಯಿಲ್ಲದ ಬಯಲಿಗೆ ಅನ್ವಯಿಸುವಂಥದು. ಗೋಡೆಗಳ ನಡುವೆ ಅದು ಬಹುವಾಗಿ ಕುಗ್ಗುತ್ತದೆ. ವೃತ್ತಿನಿರತರು ಬಳಸುವ ಯು.ಎಚ್.ಎಫ್. ಮೈಕುಗಳ ತರಂಗ ಇದಕ್ಕಿಂತ ಉದ್ದವಾದುದು. ಅಡ್ಡಿಗಳನ್ನು ಅದು ಚೆನ್ನಾಗಿ ದಾಟುತ್ತದೆ. ಆದರೆ ಅವುಗಳ ಬೆಲೆ ಹೆಚ್ಚು. ಅಲ್ಲದೆ ಆ ವಲಯದ ಭಾಗಗಳನ್ನು ದೂರದರ್ಶನಕ್ಕೂ ಮೊಬೈಲ್ ಸೇವೆಗೂ ಹಂಚಲಾಗಿರುವುದರಿಂದ ನಮ್ಮ ದೇಶದಲ್ಲಿ ಅನುಮತಿಯಿರುವ ತರಂಗವೇ ಎಂದು ವಿಚಾರಿಸಿ ಕೊಳ್ಳಬೇಕು. ಶಾಲೆಯ ಕೆಲಸಕ್ಕೆ 2.4 ಗಿಗಾಹರ್ಟ್ಸಿನ ಮೈಕು ಸಾಕಾಗುತ್ತದೆ. ಗ್ರಾಹಕವನ್ನು ಹತ್ತಿರವೂ ಎದುರಿಗೂ ಇಟ್ಟುಕೊಂಡರೆ ಸರಿ.

ಎರಡನೆಯದಾಗಿ, ಮೈಕು ದನಿಯನ್ನು ಎಷ್ಟು ಪೂರ್ಣವಾಗಿ ಹಿಡಿಯುತ್ತದೆ ಎಂಬುದನ್ನು ಗಮನಿಸಬೇಕು. ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000ದವರೆಗಿನ ಕಂಪನಗಳನ್ನು ಕೇಳಬಲ್ಲದು. ಹಳೆಯ ದೂರವಾಣಿ ಸುಮಾರು 300ರಿಂದ 3,400ರವರೆಗಿನ ಕಂಪನಗಳನ್ನು ಮಾತ್ರ ಸಾಗಿಸುತ್ತಿತ್ತು. ಕನ್ನಡದ ಸ್ವರಗಳು ಈ ಮಿತಿಯೊಳಗೆ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಆದರೆ ಸಕಾರದ ಶಕ್ತಿಯ ಬಹುಭಾಗ 4,000 ಕಂಪನಗಳಿಂದ ಮೇಲಕ್ಕಿದೆ. ಶಕಾರದ ಶಕ್ತಿ ಅದಕ್ಕಿಂತ ಕೆಳಗೆ ಆರಂಭವಾಗುತ್ತದೆ. ಮೇಲಿನ ಕಂಪನಗಳು ಕತ್ತರಿಸಿಹೋದರೆ ಇವೆರಡರ ಭೇದವೇ ಮಸುಕಾಗುತ್ತದೆ. ಸಕಲ ಎಂದರೆ ಎಲ್ಲವೂ, ಶಕಲ ಎಂದರೆ ಒಂದು ಚೂರು. ಇವೆರಡೂ ಒಂದೇ ಆಗಿ ಕೇಳಿಸಿದರೆ ಅರ್ಥ ಏನಾದೀತು! ಆಡುನುಡಿಯನ್ನು ಅಭ್ಯಸಿಸುವವರಿಗಂತೂ ಹಿರಿಯರೊಬ್ಬರು ಶಕಾರವನ್ನು ಸಕಾರವಾಗಿ ನುಡಿದರೇ, ಹಕಾರವನ್ನು ಬಿಟ್ಟು ನುಡಿದರೇ ಎಂಬುದು ಬಹು ಮುಖ್ಯ. ಹೆಚ್ಚಿನ ಕಾಲರ್ ಮೈಕುಗಳು ದನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದು ಅಂಕಿಗಳಾಗಿಸುತ್ತವೆ. ಮಾತಿಗೆ ಇದು ಧಾರಾಳವಾಗಿ ಸಾಕು. ಕರೆಗಳಿಗಾಗಿ ಮಾಡಿದ ಬ್ಲೂಟೂತ್ ಸಾಧನಗಳಲ್ಲಿ ಅನೇಕವು 8,000 ಅಥವಾ 16,000 ಬಾರಿ ಮಾತ್ರ ಅಳೆಯುತ್ತವೆ. ಹಿಡಿಯಬಹುದಾದ ಕಂಪನದ ಮೇಲ್ಮಿತಿ ಈ ಸಂಖ್ಯೆಯ ಅರ್ಧದಷ್ಟೇ. ಮೇಲಾಗಿ ಅವುಗಳಲ್ಲಿ ದನಿ ತಡವಾಗಿ ಬಂದು ತುಟಿಯ ಚಲನೆಗೂ ಮಾತಿಗೂ ಹೊಂದಿಕೆಯಾಗದೆ ಹೋಗಬಹುದು. ಅವು ಸಂಭಾಷಣೆಗೆ ಒದಗುತ್ತವೆ, ಸಂರಕ್ಷಣೆಗೆ ಒದಗುವುದಿಲ್ಲ.

ಮೂರನೆಯ ಅಂಶ, ಸದ್ದನ್ನು ಅಳಿಸುವ ಗುಂಡಿ. ಹೊರಗಿನ ಗದ್ದಲವನ್ನೆಲ್ಲ ತೆಗೆದುಹಾಕುವುದಾಗಿ ಹೇಳಿಕೊಳ್ಳುವ ಮೈಕುಗಳು ಈಗ ಹೇರಳವಾಗಿವೆ. ರಸ್ತೆಯ ಬದಿಯಲ್ಲಿ ನಿಂತು ಎರಡು ಮಾತು ಹೇಳುವವರಿಗೆ ಇದು ಉಪಯುಕ್ತ. ಆದರೆ ಇದರ ಬಗೆಗೆ ಎಚ್ಚರ ಬೇಕು. ಯಂತ್ರ ಯಾವುದು ಮಾತು, ಯಾವುದು ಗದ್ದಲ ಎಂದು ಲೆಕ್ಕ ಹಾಕಿ ಊಹಿಸುತ್ತದೆ. ಉಸಿರಿನಂತಿರುವ ಹಕಾರ, ಮಹಾಪ್ರಾಣಗಳ ಕೊನೆಯ ಉಸಿರು, ಮೆಲ್ಲಗೆ ಮುಗಿಯುವ ವಾಕ್ಯದ ತುದಿ ಇವುಗಳನ್ನು ಅದು ಗದ್ದಲವೆಂದು ಭಾವಿಸಿ ಅಳಿಸಿಬಿಡಬಹುದು. ಕಂಸಾಳೆಯ ನಾದವನ್ನೂ ತಂಬೂರಿಯ ಶ್ರುತಿಯನ್ನೂ ಅದು ಮಾತಲ್ಲವೆಂದು ತಳ್ಳಿಹಾಕಬಹುದು. ಒಮ್ಮೆ ಹೀಗೆ ಅಳಿಸಿ ಮುದ್ರಿಸಿದುದನ್ನು ಮರಳಿ ಪಡೆಯಲಾಗದು. ಗದ್ದಲದೊಡನೆ ಮುದ್ರಿಸಿದುದನ್ನಾದರೋ ಮುಂದೆ ಕಂಪ್ಯೂಟರಿನಲ್ಲಿ ನಿಧಾನವಾಗಿ ಶುದ್ಧಿಮಾಡಬಹುದು. ಮೂಲ ಪ್ರತಿ ಹಾಗೆಯೇ ಉಳಿಯುತ್ತದೆ. ಆದುದರಿಂದ ಈ ಗುಂಡಿಯನ್ನು ನಮ್ಮ ಇಚ್ಛೆಯಂತೆ ನಿಲ್ಲಿಸಲು ಸಾಧ್ಯವಿರುವ ಮೈಕನ್ನೇ ಆರಿಸಬೇಕು.

ನಾಲ್ಕನೆಯದು, ದನಿಯ ಮಟ್ಟ ಮತ್ತು ಕಾಪುಪ್ರತಿ. ಮೆಲುದನಿಯಲ್ಲಿ ಕಥೆ ಹೇಳುತ್ತಿದ್ದವರು ಕಥೆಯ ರಾಕ್ಷಸನಂತೆ ಒಮ್ಮೆಗೇ ಅಬ್ಬರಿಸಿದರೆ ಸಂಕೇತ ಮಿತಿಮೀರಿ ದನಿ ಒಡೆಯುತ್ತದೆ. ಒಡೆದ ದನಿಯನ್ನು ಸರಿಪಡಿಸುವುದು ಕಷ್ಟ. ಅದಕ್ಕಾಗಿ ಮಟ್ಟವನ್ನು ಗರಿಷ್ಠ ಮಿತಿಗಿಂತ ಸುಮಾರು 12 ಡೆಸಿಬೆಲ್ ಕೆಳಗಿರುವಂತೆ ಹೊಂದಿಸಿಕೊಳ್ಳುವುದು ರೂಢಿ. ಕೆಲವು ಮೈಕುಗಳು 32 ಬಿಟ್ ಫ್ಲೋಟ್ ಎಂಬ ಕ್ರಮದಲ್ಲಿ ಮುದ್ರಿಸುತ್ತವೆ. ಪಿಸುಮಾತಿನಿಂದ ಕೂಗಿನವರೆಗಿನ ಎಲ್ಲ ಮಟ್ಟಗಳಿಗೂ ಅಂಕಿಗಳಲ್ಲಿ ಎಡೆಯಿರುವುದರಿಂದ ಮಟ್ಟವನ್ನು ಆಮೇಲೆ ತಿದ್ದಿಕೊಳ್ಳಬಹುದು. ಇನ್ನು ಕೆಲವು ಮೈಕುಗಳ ಪ್ರೇಷಕದಲ್ಲಿಯೇ ಸ್ಮೃತಿಕೋಶವಿದ್ದು, ತರಂಗದ ಮೂಲಕ ಕಳುಹಿಸುತ್ತಿರುವಾಗಲೇ ಒಂದು ಪ್ರತಿಯನ್ನು ತನ್ನಲ್ಲಿಯೂ ಬರೆದಿಟ್ಟುಕೊಳ್ಳುತ್ತದೆ. ತರಂಗ ತುಂಡಾದರೂ ಆ ಪ್ರತಿ ಅಖಂಡವಾಗಿರುತ್ತದೆ. ಮತ್ತೆ ಹೇಳಿಸಲಾಗದ ಮಾತನ್ನು ಮುದ್ರಿಸುವವರು ಬೇರೆ ಆಡಂಬರಗಳನ್ನೆಲ್ಲ ಬಿಟ್ಟರೂ ಈ ಸೌಕರ್ಯವನ್ನು ಬಿಡಬಾರದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮುದ್ರಣವನ್ನು ಆಗಿಂದಾಗಲೇ ಕೇಳಲು ಅನುಕೂಲವಿದೆಯೇ ಎಂದೂ ನೋಡಬೇಕು. ಪರದೆಯ ಮೇಲೆ ಗೆರೆಗಳು ಕುಣಿಯುತ್ತಿವೆಯೆಂದ ಮಾತ್ರಕ್ಕೆ ಮಾತು ಸರಿಯಾಗಿ ಮುದ್ರಿತವಾಗುತ್ತಿದೆ ಎಂದು ತಿಳಿಯಬಾರದು. ಸೆರಗು ಉಜ್ಜಿದರೂ ಆ ಗೆರೆಗಳು ಕುಣಿಯುತ್ತವೆ.

ಉಳಿದವು ವ್ಯವಹಾರದ ಮಾತುಗಳು. ಗ್ರಾಹಕದ ಕೊಂಡಿ ನಮ್ಮ ಫೋನಿಗೆ ಹೊಂದುವುದೇ ಎಂದು ಮೊದಲು ನೋಡಬೇಕು. ಈಚಿನ ಫೋನುಗಳಲ್ಲಿ ಹೆಚ್ಚಿನವು ಟೈಪ್-ಸಿ ಕೊಂಡಿಯವು. 2023ರಿಂದ ಐಫೋನಿಗೂ ಅದೇ ಕೊಂಡಿ ಬಂದಿದೆ. ಹಳೆಯ ಕ್ಯಾಮೆರಾಗಳಿಗೆ 3.5 ಮಿಲಿಮೀಟರಿನ ಕೊಂಡಿ ಬೇಕು. ಒಬ್ಬರು ಪ್ರಶ್ನೆ ಕೇಳಿ ಇನ್ನೊಬ್ಬರು ಉತ್ತರಿಸುವ ಸಂದರ್ಶನಕ್ಕೆ ಎರಡು ಪ್ರೇಷಕಗಳಿರುವ ಜೋಡಿ ಅನುಕೂಲ. ಇಬ್ಬರ ದನಿಗಳೂ ಬೇರೆಬೇರೆಯಾಗಿ ದಾಖಲಾಗುವಂತಿದ್ದರೆ ಇನ್ನೂ ಒಳ್ಳೆಯದು. ಬ್ಯಾಟರಿ ಎಷ್ಟು ಗಂಟೆ ಬಾಳುತ್ತದೆ, ಖಾತರಿ ಎಷ್ಟು ಕಾಲದ್ದು, ದುರಸ್ತಿ ಎಲ್ಲಿ ನಡೆಯುತ್ತದೆ ಎಂಬುದನ್ನು ವಿಚಾರಿಸಬೇಕು. ಕಾಲರ್ ಮೈಕುಗಳ ಬೆಲೆ ಕೆಲವು ನೂರು ರೂಪಾಯಿಗಳಿಂದ ಹಲವು ಸಾವಿರಗಳವರೆಗೆ ಇದೆ. ಬೆಲೆ ಹೆಚ್ಚಿದ್ದೆಲ್ಲ ನಮಗೆ ಒಪ್ಪುವುದಿಲ್ಲ. ಅಗ್ಗವಾದುದೆಲ್ಲ ಕೆಟ್ಟದ್ದೂ ಅಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ವಿದ್ಯುನ್ಮಾನ ಮಾರುಕಟ್ಟೆಯಲ್ಲಾಗಲಿ ಬಡಾವಣೆಯ ಅಂಗಡಿಯಲ್ಲಾಗಲಿ ಕೊಳ್ಳುವ ಮೊದಲು ನಮ್ಮದೇ ಫೋನಿಗೆ ಜೋಡಿಸಿ ಐದು ನಿಮಿಷ ಪರೀಕ್ಷಿಸುವುದು ಲೇಸು. ಸಾಧಾರಣ ದನಿಯಲ್ಲಿ ಮಾತನಾಡಿ, ಸ, ಶ, ಹಕಾರಗಳಿರುವ ಪದಗಳನ್ನು ನುಡಿದು, ಹತ್ತು ಹೆಜ್ಜೆ ನಡೆದು, ಬೆನ್ನು ತಿರುಗಿಸಿ, ಆಮೇಲೆ ಸ್ವಲ್ಪ ಹೊತ್ತು ಮೌನವಾಗಿದ್ದು ಮುದ್ರಿಕೆಯನ್ನು ಕೇಳಬೇಕು. ಮೌನದಲ್ಲಿ ಮೈಕು ತಾನೇ ಎಷ್ಟು ಗುಂಯ್‌ಗುಡುತ್ತದೆ ಎಂಬುದು ಆಗ ತಿಳಿಯುತ್ತದೆ. ಮೈಕಿನ ಯೋಗ್ಯತೆಯನ್ನು ಜಾಹೀರಾತಿಗಿಂತ ಈ ಐದು ನಿಮಿಷ ಹೆಚ್ಚು ಪ್ರಾಮಾಣಿಕವಾಗಿ ತಿಳಿಸುತ್ತದೆ.

ಒಳ್ಳೆಯ ಮೈಕನ್ನು ಕೊಂಡಮೇಲೂ ಅದನ್ನು ಬಳಸುವ ಕ್ರಮ ತಿಳಿದಿರಬೇಕು. ಕಾಲರ್ ಮೈಕುಗಳಲ್ಲಿ ಹೆಚ್ಚಿನವು ಎಲ್ಲ ದಿಕ್ಕುಗಳ ದನಿಯನ್ನೂ ಸಮನಾಗಿ ಹಿಡಿಯುವಂಥವು. ಮಾತನಾಡುವವರು ತಲೆಯನ್ನು ಅತ್ತಿತ್ತ ತಿರುಗಿಸಿದರೂ ದನಿ ಹೆಚ್ಚು ಬದಲಾಗದಿರುವುದು ಇದರ ಗುಣ. ಬಾಯಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ ಅದನ್ನು ಸಿಕ್ಕಿಸಬೇಕು. ಕೊರಳಿಗೆ ತೀರ ಸಮೀಪವಿದ್ದರೆ ಗದ್ದದ ಮರೆಯಾಗಿ ದನಿ ಮಂಕಾಗುತ್ತದೆ. ಸೀರೆ ಉಟ್ಟವರಾದರೆ ಸೆರಗಿನ ನೆರಿಗೆ ಮೈಕಿನ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಗರಿಗರಿಯಾದ ರೇಷ್ಮೆಗಿಂತ ಹತ್ತಿಯ ಬಟ್ಟೆ ಕಡಮೆ ಸದ್ದು ಮಾಡುತ್ತದೆ. ಕೊರಳಿನ ಸರ, ಮಣಿ, ಹೆಗಲಿನ ಶಲ್ಯ ಮೈಕಿಗೆ ತಾಗಿದರೆ ಪ್ರತಿಯೊಂದು ಉಸಿರಿಗೂ ಟಕಟಕ ಎಂಬ ಸದ್ದು ಸೇರಿಕೊಳ್ಳುತ್ತದೆ. ಹಿರಿಯರ ಉಡುಪನ್ನು ನಾವಾಗಿಯೇ ಮುಟ್ಟದೆ, ಮೈಕನ್ನು ಅವರ ಕೈಗೋ ಮನೆಯವರ ಕೈಗೋ ಕೊಟ್ಟು ಸಿಕ್ಕಿಸಿಕೊಳ್ಳಲು ವಿನಂತಿಸುವುದು ಮರ್ಯಾದೆ. ಬಯಲಿನಲ್ಲಿ ಗಾಳಿಯ ಅಬ್ಬರವನ್ನು ತಡೆಯಲು ಮೈಕಿಗೆ ತುಪ್ಪಳದ ಟೊಪ್ಪಿಗೆ ತೊಡಿಸಬೇಕು.

ಸ್ಥಳದ ಮತ್ತು ಹೊತ್ತಿನ ಆಯ್ಕೆಯೂ ಮೈಕಿನ ಆಯ್ಕೆಯಷ್ಟೇ ಮುಖ್ಯವಾದುದು. ವಸತಿ ಪ್ರದೇಶಗಳಲ್ಲಿ ಹಗಲಿನ ಸದ್ದು 55 ಡೆಸಿಬೆಲ್ಲನ್ನೂ ರಾತ್ರಿಯ ಸದ್ದು 45 ಡೆಸಿಬೆಲ್ಲನ್ನೂ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ವಿಧಿಸಿವೆ. ಮುಖ್ಯರಸ್ತೆಯ ಮಗ್ಗುಲಿನ ಮನೆಗಳಲ್ಲಿ ಈ ಮಿತಿಯನ್ನು ನಂಬಿ ಕುಳಿತುಕೊಳ್ಳುವಂತಿಲ್ಲ. ಬೀದಿಯ ಕಡೆಯ ಕೋಣೆಯನ್ನು ಬಿಟ್ಟು ಒಳಗಿನ ಕೋಣೆಯನ್ನು ಆರಿಸಿಕೊಳ್ಳಬೇಕು. ಹಾಸಿಗೆ, ಪರದೆ, ಪುಸ್ತಕದ ಕಪಾಟುಗಳಿರುವ ಕೋಣೆ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತದೆ; ಬರಿಯ ಗೋಡೆಗಳ ಕೋಣೆ ಅದನ್ನು ಹೆಚ್ಚಿಸುತ್ತದೆ. ಫ್ಯಾನನ್ನೂ ಫ್ರಿಜ್ಜನ್ನೂ ಸ್ವಲ್ಪ ಹೊತ್ತು ನಿಲ್ಲಿಸಿ, ಮುದ್ರಣ ಮುಗಿದ ಮೇಲೆ ಮರೆಯದೆ ಚಾಲನೆ ಮಾಡಬೇಕು. ಫೋನಿಗೆ ಕರೆ ಬಾರದಂತೆ ವ್ಯವಸ್ಥೆ ಮಾಡಿಕೊಳ್ಳಬೇಕು. ಬೇಸಗೆಯಲ್ಲಿ ಫ್ಯಾನಿಲ್ಲದೆ ಹಿರಿಯರಿಗೆ ಕಷ್ಟವಾಗುವುದಾದರೆ ಮುಂಜಾವಿನ ತಂಪು ಹೊತ್ತನ್ನು ಕೇಳಿಕೊಂಡು ಹೋಗುವುದು ಒಳ್ಳೆಯದು.

ಈ ಉಪಕರಣದೊಡನೆ ಒಂದು ಹೊಣೆಯೂ ನಮ್ಮ ಕೈಸೇರುತ್ತದೆ ಎಂಬುದನ್ನು ಮರೆಯಲಾಗದು. ದೊಡ್ಡ ಮೈಕು ಎದುರಿಗೆ ನಿಂತಿರುವಾಗ ಮಾತನಾಡುವವರಿಗೆ ತಮ್ಮ ಮಾತು ದಾಖಲಾಗುತ್ತಿದೆ ಎಂಬ ಅರಿವಿರುತ್ತದೆ. ಕಾಲರ್ ಮೈಕು ಚಿಕ್ಕದು, ಹಗುರವಾದುದು. ಹತ್ತು ನಿಮಿಷಗಳಲ್ಲಿ ಅದು ಮೈಮೇಲಿರುವುದೇ ಮರೆತುಹೋಗುತ್ತದೆ. ಮಾತು ಸಹಜವಾಗಿ ಬರುವುದು ಇದರಿಂದಲೇ, ಅಪಾಯವಿರುವುದೂ ಇಲ್ಲಿಯೇ. ಅಜ್ಜಿ ಎದ್ದು ಒಳಗೆ ಹೋಗಿ ಸೊಸೆಯೊಡನೆ ಮನೆಯ ಮಾತನ್ನಾಡಿದರೆ ಅದೂ ದಾಖಲಾಗುತ್ತದೆ. ಆದುದರಿಂದ ಮುದ್ರಣದ ಉದ್ದೇಶವನ್ನೂ ಅದನ್ನು ಯಾರು ಕೇಳುತ್ತಾರೆಂಬುದನ್ನೂ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ನಡುವೆ ವಿರಾಮ ಬಂದೊಡನೆ ಮೈಕನ್ನು ನಿಲ್ಲಿಸಬೇಕು. ಮುಗಿದ ಮೇಲೆ ಅವರಿಗೇ ಅದನ್ನು ಕೇಳಿಸಿ, ಅವರು ಬೇಡವೆಂದ ಭಾಗವನ್ನು ಯಾವ ಚರ್ಚೆಯೂ ಇಲ್ಲದೆ ತೆಗೆದುಹಾಕಬೇಕು. ಹಾಗೆಯೇ ಪ್ರತಿ ಮುದ್ರಿಕೆಯ ಆರಂಭದಲ್ಲಿ ದಿನಾಂಕ, ಸ್ಥಳ, ಮಾತನಾಡುವವರ ಹೆಸರು, ವಿಷಯ ಇವುಗಳನ್ನು ಬಾಯಲ್ಲಿ ಹೇಳಿ ದಾಖಲಿಸಬೇಕು. ಫೋನು ಕಳೆದುಹೋಗಬಹುದು, ಕೆಟ್ಟುಹೋಗಬಹುದು. ಪ್ರತಿಗಳನ್ನು ಕಡೆಯ ಪಕ್ಷ ಎರಡು ಬೇರೆ ಬೇರೆ ಕಡೆ ಇಡಬೇಕು. ಒಂದು ಪ್ರತಿಯನ್ನು ಮಾತನಾಡಿದವರ ಮನೆಗೆ ಕೊಡಬೇಕು. ಆ ದನಿಯ ಮೇಲೆ ಮೊದಲ ಹಕ್ಕು ಆ ಮನೆಯವರದು.

ಯಂತ್ರಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಇಂದು ಮೇಲಾದುದೆಂದು ಕೊಂಡ ಮೈಕು ನಾಲ್ಕು ವರ್ಷಗಳಲ್ಲಿ ಹಳೆಯದಾಗಬಹುದು. ಆದರೆ ಅದನ್ನು ಆರಿಸುವ ವಿವೇಕ ಹಳೆಯದಾಗುವುದಿಲ್ಲ. ಯಾರ ಮಾತು, ಎಂತಹ ದನಿ, ಯಾವ ಸ್ಥಳ, ಎಷ್ಟು ದೂರ, ಎಷ್ಟು ಕಾಲ ಉಳಿಯಬೇಕು ಎಂಬ ಪ್ರಶ್ನೆಗಳನ್ನು ಕೇಳಿಕೊಂಡವನು ಯಾವ ಅಂಗಡಿಯಲ್ಲಿಯೂ ಮೋಸಹೋಗುವುದಿಲ್ಲ. ಎಲ್ಲಕ್ಕಿಂತ ದುಬಾರಿಯಾದ ಮೈಕನ್ನು ಕೊಳ್ಳುವ ಹಣ ಕೂಡಿಬರಲಿ ಎಂದು ವರ್ಷಗಟ್ಟಲೆ ಕಾಯುವುದು ಮಾತ್ರ ವಿವೇಕವಲ್ಲ. ಶಾಲೆಯ ಹತ್ತು ವಿದ್ಯಾರ್ಥಿಗಳು ಸೇರಿ ಸಾಧಾರಣವಾದ ಒಂದು ಕಾಲರ್ ಮೈಕನ್ನು ಹೊಂದಿಸಿಕೊಂಡರೆ, ತಮ್ಮ ತಮ್ಮ ಬೀದಿಗಳ ಹಿರಿಯರ ಮಾತುಗಳನ್ನು ಒಂದು ಬೇಸಗೆಯ ರಜೆಯಲ್ಲಿ ಸಂಗ್ರಹಿಸಬಹುದು. ಯಾವ ಕೆರೆಗೆ ಯಾವ ಹೆಸರಿತ್ತು, ಆ ಹೆಸರನ್ನು ಆ ಊರಿನವರು ಹೇಗೆ ಉಚ್ಚರಿಸುತ್ತಿದ್ದರು ಎಂಬುದು ಆಗ ಮುಂದಿನವರಿಗೆ ತಿಳಿಯುತ್ತದೆ. ಹೇಳುವವರು ಇಂದು ನಮ್ಮ ನಡುವೆ ಇದ್ದಾರೆ. ಅವರ ಎದುರಿಗೆ ಕುಳಿತು ಕೇಳುವ ಕೆಲಸ ನಮ್ಮದು.